ಅನುಪಾತ ಮನೆಯಲ್ಲೇ, ವೋಲ್ಟ್ ಮಾತ್ರ ಹೊರಗಿನಿಂದ

ಸಾಮಾನ್ಯ ಲಿಥಿಯಂ ಅಯಾನ್ ಸೆಲ್ ಅನ್ನು 4.20 ವೋಲ್ಟ್‌ಗಿಂತ ಮೇಲಕ್ಕೆ ಚಾರ್ಜ್ ಮಾಡಬಾರದು. ಮೀಟರ್ ಶೇ 1ರಷ್ಟು ಕಡಿಮೆ ತೋರಿಸುತ್ತಿದ್ದರೆ, ನಾವು 4.20 ಎಂದು ನಂಬಿದ್ದು ನಿಜಕ್ಕೂ 4.24 ಆಗಿರುತ್ತದೆ, ಸೆಲ್‌ನ ಆಯುಸ್ಸು ಸವೆಯುತ್ತದೆ. ಅದೇ ಮೀಟರ್ ಹಿಡಿದು ಒಂದು ಪ್ಯಾಕ್‌ನ ನಾಲ್ಕು ಸೆಲ್‌ಗಳು ಪರಸ್ಪರ ಸಮವಾಗಿವೆಯೇ ಎಂದು ನೋಡುವುದಾದರೆ ಆ ದೋಷದಿಂದ ತೊಂದರೆಯಿಲ್ಲ, ನಾಲ್ಕರಲ್ಲೂ ಅದು ಒಂದೇ ಪ್ರಮಾಣದಲ್ಲಿರುತ್ತದೆ. ಮೊದಲನೆಯದು ನಿರಪೇಕ್ಷ ಅಳತೆ, ಎರಡನೆಯದು ಸಾಪೇಕ್ಷ.

ಆಂಪ್ಲಿಫೈಯರ್‌ನ ಔಟ್‌ಪುಟ್ ಯಾವ ಆವರ್ತನದಲ್ಲಿ 3 ಡೆಸಿಬೆಲ್ ಇಳಿಯುತ್ತದೆ (ಅಂದರೆ ಮೊದಲಿದ್ದ ವೋಲ್ಟೇಜಿನ ಸುಮಾರು ಶೇ 71ಕ್ಕೆ ಬರುತ್ತದೆ) ಎಂದು ಹುಡುಕಲು ಶೇ 3ರಷ್ಟು ತಪ್ಪು ತೋರಿಸುವ ಆಸಿಲೋಸ್ಕೋಪ್ (ವೋಲ್ಟೇಜಿನ ಏರಿಳಿತವನ್ನು ಪರದೆಯ ಮೇಲೆ ತೋರಿಸುವ ಉಪಕರಣ) ಕೂಡ ಸಾಕು. ಭಾಗಿಸುವಾಗ ಆ ತಪ್ಪು ಹೊಡೆದುಹೋಗುತ್ತದೆ. ಸೊನ್ನೆಯೇ ಸರಿದಿರುವ ದೋಷ ಭಾಗಿಸಿದರೆ ಹೋಗುವುದಿಲ್ಲ, ಕಳೆದರೆ ಹೋಗುತ್ತದೆ. ಉಪಕರಣದ ಪ್ರತಿಕ್ರಿಯೆ ಸರಳರೇಖೆಯಲ್ಲಿಲ್ಲದಿದ್ದರೆ ಎರಡೂ ಉಪಾಯ ನಡೆಯವು. ಹೆಚ್ಚು ಭಯಪಡಬೇಕಾದ ದೋಷ ಇದೇ.

ಅನುಪಾತವನ್ನು ಎಷ್ಟು ನಿಖರವಾಗಿ ಪಡೆಯಬಹುದು ಎಂಬುದನ್ನು 1954ರಲ್ಲಿ ಆಸ್ಟ್ರೇಲಿಯಾದ ಬಿ.ವಿ. ಹ್ಯಾಮನ್ ಅದ್ಭುತವಾಗಿ ತೋರಿಸಿದರು. 10 ಕಿಲೋಓಮ್‌ನ ಹತ್ತು ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಜೋಡಿಸಿದರೆ 100 ಕಿಲೋಓಮ್, ಸಮಾಂತರವಾಗಿ ಜೋಡಿಸಿದರೆ 1 ಕಿಲೋಓಮ್. ಅನುಪಾತ 100. ಒಂದೊಂದು ರೆಸಿಸ್ಟರ್ ಶೇ 0.01ರಷ್ಟು ಆಚೀಚೆ ಇದ್ದರೂ, ಅನುಪಾತದಲ್ಲಿ ಉಳಿಯುವುದು ಆ ವ್ಯತ್ಯಾಸಗಳ ವರ್ಗ ಮಾತ್ರ, ಅಂದರೆ ಸುಮಾರು 10 ಕೋಟಿಯಲ್ಲಿ ಒಂದು ಭಾಗ. ಸಂಪರ್ಕದ ತಂತಿಗಳ ರೋಧವನ್ನು ಎಚ್ಚರದಿಂದ ನಿಭಾಯಿಸಬೇಕು, ನಿಜ. ಆದರೆ ಈ ನಿಖರತೆಗೆ ಯಾವ ಪ್ರಯೋಗಾಲಯದ ಪ್ರಮಾಣಪತ್ರವೂ ಬೇಕಿಲ್ಲ. ಸಾಮಾನ್ಯ ರೆಸಿಸ್ಟರ್‌ಗಳಿಂದ ಇಂಥ ಶುದ್ಧ ಸಂಖ್ಯೆ ಹುಟ್ಟುವುದು ಮಾಪನಶಾಸ್ತ್ರದ ಅತ್ಯಂತ ಸುಂದರ ಫಲಿತಾಂಶಗಳಲ್ಲೊಂದು ಎಂದೇ ನನ್ನ ನಂಬಿಕೆ.

ಇಷ್ಟಾದರೂ ಒಂದು ವೋಲ್ಟ್ ಎಂದರೆ ಎಷ್ಟು ಎಂಬುದನ್ನು ಅನುಪಾತ ಹೇಳಲಾರದು. ಅದನ್ನು ಹೊರಗಿನಿಂದಲೇ ತರಬೇಕು. ನಮ್ಮ ಮೀಟರ್‌ನಿಂದ ಮೀಟರ್‌ಗಳನ್ನು ಹೆಚ್ಚು ನಿಖರವಾದ ಅಳತೆಯೊಂದಿಗೆ ಹೋಲಿಸಿ ನೋಡುವ ಕ್ಯಾಲಿಬ್ರೇಷನ್ ಪ್ರಯೋಗಾಲಯಕ್ಕೆ, ಅಲ್ಲಿಂದ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯಕ್ಕೆ ಹೋಗುವ ಸರಪಳಿಯ ತುದಿಯಲ್ಲಿರುವುದು 1962ರಲ್ಲಿ ಬ್ರಯಾನ್ ಜೋಸೆಫ್‌ಸನ್ ಊಹಿಸಿದ ಕ್ವಾಂಟಮ್ ಪರಿಣಾಮ. ಅತಿವಾಹಕ ಸಂಧಿಗೆ (ರೋಧವೇ ಇಲ್ಲದ ಎರಡು ವಾಹಕಗಳ ನಡುವಿನ ತೆಳು ಜೋಡಣೆಗೆ) 1 ಗಿಗಾಹರ್ಟ್ಸ್‌ನ ಮೈಕ್ರೋವೇವ್ ಹಾಯಿಸಿದರೆ ಸುಮಾರು 2.07 ಮೈಕ್ರೋವೋಲ್ಟ್‌ನ ಮೆಟ್ಟಿಲು ಸಿಗುತ್ತದೆ. ಸಾವಿರಾರು ಸಂಧಿಗಳನ್ನು ಸರಣಿಯಲ್ಲಿಟ್ಟು, ಇನ್ನೂ ಹೆಚ್ಚಿನ ಆವರ್ತನ ಬಳಸಿ 10 ವೋಲ್ಟ್ ಪಡೆಯುತ್ತಾರೆ. 2019ರ ಮೇ 20ರಂದು ಈ ಮೆಟ್ಟಿಲಿನ ಎತ್ತರವನ್ನು ನಿರ್ಧರಿಸುವ ಸ್ಥಿರಾಂಕಗಳಿಗೆ ನಿಶ್ಚಿತ ಬೆಲೆ ಕೊಟ್ಟಾಗ, ಜಗತ್ತಿನ ಪ್ರಯೋಗಾಲಯಗಳು ಬಳಸುತ್ತಿದ್ದ ವೋಲ್ಟ್ ಸುಮಾರು ಒಂದು ಕೋಟಿಯಲ್ಲಿ ಒಂದು ಭಾಗದಷ್ಟು ಸರಿಯಿತು.

ಮೀಟರ್ ಅನ್ನು ಕ್ಯಾಲಿಬ್ರೇಷನ್‌ಗೆ ಕಳಿಸುವವರು ಒಂದನ್ನು ಪಟ್ಟು ಹಿಡಿದು ಕೇಳಬೇಕು: ಸರಿಪಡಿಸುವ ಮುಂಚೆ ಅದು ತೋರಿಸುತ್ತಿದ್ದ ಅಂಕಿಗಳು. ಆ ಅಂಕಿಗಳು ವರ್ಷವರ್ಷವೂ ಕೈಯಲ್ಲಿದ್ದರೆ ಉಪಕರಣ ಯಾವ ಕಡೆಗೆ, ಎಷ್ಟು ವೇಗವಾಗಿ ಸರಿಯುತ್ತಿದೆ ಎಂಬುದು ಗೊತ್ತಾಗುತ್ತದೆ. ಅದನ್ನು ಬರೆದಿಡದೆ ಸ್ಕ್ರೂ ತಿರುಗಿಸಿಬಿಟ್ಟರೆ, ಕಳೆದ ವರ್ಷವಿಡೀ ಅದೇ ಮೀಟರ್‌ನಿಂದ ಪರೀಕ್ಷಿಸಿ ಕಳಿಸಿದ ಬ್ಯಾಟರಿಗಳು 4.20ರಲ್ಲಿದ್ದವೋ 4.24ರಲ್ಲಿದ್ದವೋ ಎಂದು ತಿಳಿಯಲು ದಾರಿಯೇ ಇರುವುದಿಲ್ಲ.