ಟೈಪ್‌ರೈಟರ್‌ಗೂ ಪೊಲೀಸರ ಪರವಾನಗಿ: ಚೌಶೆಸ್ಕು ಕಾಲದ ರೊಮೇನಿಯಾ

1968ರ ಆಗಸ್ಟ್ 21. ಸೋವಿಯತ್ ಟ್ಯಾಂಕ್‌ಗಳು ಚೆಕೊಸ್ಲೊವಾಕಿಯಾದ ರಾಜಧಾನಿ ಪ್ರಾಗ್‌ಗೆ ನುಗ್ಗಿದ ದಿನ. ರೊಮೇನಿಯಾದ ರಾಜಧಾನಿ ಬುಕಾರೆಸ್ಟ್‌ನಲ್ಲಿ ಕಮ್ಯುನಿಸ್ಟ್ ಪಕ್ಷದ ಕಚೇರಿಯ ಬಾಲ್ಕನಿಯಲ್ಲಿ ನಿಂತು ದೇಶದ ನಾಯಕ ನಿಕೊಲಾಯ್ ಚೌಶೆಸ್ಕು ಆ ದಾಳಿಯನ್ನು ಖಂಡಿಸಿದ. ಕೆಳಗಿದ್ದ ಜನ ಮನಸಾರೆ ಚಪ್ಪಾಳೆ ತಟ್ಟಿದರು. ಆಗ ಯಾರೂ ಅವರನ್ನು ಬಲವಂತ ಮಾಡಬೇಕಿರಲಿಲ್ಲ. ಮಾಸ್ಕೋಗೆ ಎದುರಾಡುವ ಕಮ್ಯುನಿಸ್ಟ್ ಅಂತ ಪಶ್ಚಿಮದ ದೇಶಗಳೂ ಅವನನ್ನು ತಲೆ ಮೇಲೆ ಹೊತ್ತುಕೊಂಡವು. ಮರುವರ್ಷ ಅಮೆರಿಕದ ಅಧ್ಯಕ್ಷ ನಿಕ್ಸನ್ ಬುಕಾರೆಸ್ಟ್‌ಗೇ ಬಂದುಹೋದರು. ಈ ಒಳ್ಳೆ ಹೆಸರಿನಿಂದ ಸಾಲವೂ ಸುಲಭವಾಗಿ ಸಿಕ್ಕಿತು.

1971ರಲ್ಲಿ ಚೀನಾ, ಉತ್ತರ ಕೊರಿಯಾ ಸುತ್ತಿ ಬಂದ ಮೇಲೆ ಚೌಶೆಸ್ಕುಗೆ ವ್ಯಕ್ತಿಪೂಜೆಯ ರುಚಿ ಹತ್ತಿತು. 1974ರಲ್ಲಿ ಅಧ್ಯಕ್ಷನಾದಾಗ ರಾಜರಂತೆ ಕೈಯಲ್ಲಿ ದಂಡ ಹಿಡಿದ. ಕಮ್ಯುನಿಸ್ಟ್ ದೇಶದಲ್ಲಿ ರಾಜದಂಡ! ಹೆಂಡತಿ ಎಲೆನಾ 1980ರಲ್ಲಿ ಉಪಪ್ರಧಾನಿಯಾದಳು.

ಅಷ್ಟರಲ್ಲಿ ಕಾರ್ಖಾನೆಗಳಿಗೆಂದು ತಂದ ಸಾಲ ಸುಮಾರು 1000 ಕೋಟಿ ಡಾಲರ್ ಮುಟ್ಟಿತ್ತು. ಅಷ್ಟನ್ನೂ ಬೇಗ ತೀರಿಸಿಯೇ ತೀರುತ್ತೇನೆ ಅಂತ ಹಟ ಹಿಡಿದ. ಬೆಳೆದ ಆಹಾರ ವಿದೇಶಕ್ಕೆ ಹೋಯಿತು, ಜನರ ಪಾಲಿಗೆ ರೇಷನ್ ಮತ್ತು ಕ್ಯೂ. ಚಳಿಗಾಲದಲ್ಲಿ ಮನೆ ಬೆಚ್ಚಗಿಡುವುದಕ್ಕೂ ಕಡಿವಾಣ. 1985ರಿಂದ ವಾರದ ದಿನಗಳಲ್ಲಿ ಟಿವಿ ಎರಡೇ ಗಂಟೆ, ಅದರಲ್ಲೂ ಜಾಸ್ತಿ ಹೊತ್ತು ಅವನ ಮುಖವೇ. ಬುಕಾರೆಸ್ಟ್‌ನವರು ಆಂಟೆನಾ ತಿರುಗಿಸಿ ಬಲ್ಗೇರಿಯಾದ ಟಿವಿ ನೋಡುತ್ತಿದ್ದರು.

ಹಸಿದವರು ಸುಮ್ನೆ ಕೂರುವುದಿಲ್ಲ, ಏನಾದರೂ ಬರೆದು ಹಂಚುತ್ತಾರೆ ಅಲ್ವಾ? ಅದಕ್ಕೂ 1983ರಲ್ಲೇ ಒಂದು ಆದೇಶ ಬಂದಿತ್ತು. ಟೈಪ್‌ರೈಟರ್ ಇಟ್ಟುಕೊಳ್ಳಲು ಪೊಲೀಸರ ಅನುಮತಿ ಬೇಕು. ಪ್ರತಿ ವರ್ಷ ಅದರಲ್ಲಿ ಟೈಪ್ ಮಾಡಿದ ಮಾದರಿ ಹಾಳೆ ಒಪ್ಪಿಸಬೇಕು. ಬೇರೆಯವರಿಗೆ ಎರವಲು ಕೊಡುವಂತಿಲ್ಲ. ಯಾಕೆಂದರೆ ಒಂದು ಯಂತ್ರದಲ್ಲಿ ಒಂದಕ್ಷರ ಕೊಂಚ ವಾಲಿರುತ್ತದೆ, ಇನ್ನೊಂದರಲ್ಲಿ ಅರ್ಧ ಸವೆದಿರುತ್ತದೆ. ಬೀದಿಯಲ್ಲಿ ಕರಪತ್ರ ಸಿಕ್ಕರೆ ಹಾಳೆಗೆ ಹಾಳೆ ಹೋಲಿಸಿ ನೋಡಿದರಾಯಿತು. ಗುಪ್ತ ಪೊಲೀಸ್ ಪಡೆ ಸೆಕ್ಯುರಿಟಾಟೆ ನೇರ ಆ ಮನೆ ಬಾಗಿಲಿಗೆ ಬರಬಹುದಿತ್ತು. ನನ್ನನ್ನು ಕೇಳಿದರೆ, ಹೊಡೆತ ಬಡಿತಕ್ಕಿಂತ ಆ ಆಡಳಿತದ ಅಂಜಿಕೆ ಜಾಸ್ತಿ ಕಾಣುವುದು ಈ ಗುಮಾಸ್ತಗಿರಿಯಲ್ಲೇ.

ಸಾಲವೆಲ್ಲ ತೀರಿತು ಅಂತ 1989ರ ಏಪ್ರಿಲ್‌ನಲ್ಲಿ ಘೋಷಿಸಿದ. ಅಂಗಡಿಗಳು ಮಾತ್ರ ತುಂಬಲಿಲ್ಲ. ಡಿಸೆಂಬರ್‌ನಲ್ಲಿ ತಿಮಿಶೋರಾ ನಗರದಲ್ಲಿ ಜನ ಬೀದಿಗಿಳಿದರು, ಗುಂಡು ಹಾರಿತು. 21ರಂದು ಬುಕಾರೆಸ್ಟ್‌ನ ಸಭೆಯಲ್ಲಿ, ಅವನು ಮಾತಾಡುತ್ತಿರುವಾಗಲೇ ಗುಂಪು ಕೂಗಾಡತೊಡಗಿತು. ಮರುದಿನ ಹೆಲಿಕಾಪ್ಟರ್ ಹತ್ತಿ ಓಡಿದ. 25ಕ್ಕೆ ಗಂಡ ಹೆಂಡತಿ ಇಬ್ಬರನ್ನೂ ಗುಂಡಿಟ್ಟು ಕೊಂದರು. ಅದರ ಮರುದಿನವೇ ಹೊಸ ಸರ್ಕಾರ ಅವನ ಕಾಲದ ಹಲವು ಕಾನೂನುಗಳನ್ನು ರದ್ದು ಮಾಡಿತು. ಆ ಪಟ್ಟಿಯಲ್ಲಿ 1966ರ ಗರ್ಭಪಾತ ನಿಷೇಧವಿತ್ತು, ಟೈಪ್‌ರೈಟರ್ ಆದೇಶವೂ ಇತ್ತು.