ಹಸಿರು ಆರೋಗ್ಯಸೇವೆಯ ಬಗ್ಗೆ ಬರೆಯೋರಿಗೆ ಮೊದಲ ನಿಯಮ ಯಾವುದು?

ಪ್ರಶ್ನೆ: ಆರೋಗ್ಯಸೇವೆಯಿಂದ ಪರಿಸರದ ಮೇಲೆ ಬೀಳುವ ಹೊರೆ ಇಳಿಸಲು ಕೆಲಸ ಮಾಡುವ ಸಣ್ಣ ಸಂಸ್ಥೆ ನಮ್ಮದು. ಕರಪತ್ರ, ಪೋಸ್ಟ್, ವರದಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಎಲ್ಲರಿಗೂ ಸೇರಿ ನಿಯಮ ಮಾಡೋದಾದರೆ ಎಲ್ಲಿಂದ ಶುರು ಮಾಡಬೇಕು?

ಉತ್ತರ: ಲೋಗೋ, ಬಣ್ಣ, ಅಕ್ಷರದ ಗಾತ್ರ ಎಲ್ಲ ಆಮೇಲೆ ನೋಡಿಕೊಳ್ಳಬಹುದು. ಮೊದಲ ನಿಯಮ ಇದಿರಲಿ: ನಾವು ಬರೆದದ್ದನ್ನು ಓದಿ ಯಾವ ರೋಗಿಯೂ ಔಷಧಿ ಬಿಡುವಂತಾಗಬಾರದು.

ಇನ್‌ಹೇಲರ್ ವಿಷಯವನ್ನೇ ನೋಡಿ. ಒತ್ತಿದರೆ ಮದ್ದು ಚಿಮ್ಮುವ ಇನ್‌ಹೇಲರ್‌ಗಳಲ್ಲಿ ಮದ್ದನ್ನು ಹೊರಗೆ ದೂಡಲು ಅನಿಲ ಇರುತ್ತದೆ. ಬಹಳ ವರ್ಷಗಳಿಂದ ಬಳಕೆಯಲ್ಲಿರುವ ಎಚ್‌ಎಫ್‌ಎ-134ಎ ಅನಿಲವು, 100 ವರ್ಷದ ಲೆಕ್ಕದಲ್ಲಿ, ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್‌ಗಿಂತ 1,000 ಪಟ್ಟಿಗೂ ಜಾಸ್ತಿ ಬಿಸಿ ಹಿಡಿದಿಡುತ್ತದೆ. ಪುಡಿ ಇನ್‌ಹೇಲರ್‌ನಲ್ಲಿ ಈ ಅನಿಲ ಇಲ್ಲ. ಇಷ್ಟು ತಿಳಿದ ಕೂಡಲೇ ‘ನಿಮ್ಮ ಇನ್‌ಹೇಲರ್ ಭೂಮಿಗೆ ವಿಷ’ ಎಂದು ಬರೆಯಲು ಕೈ ತುರಿಸುತ್ತದೆ. ಬೇಡ. ಪುಡಿ ಇನ್‌ಹೇಲರ್‌ಗೆ ಜೋರಾಗಿ ಉಸಿರೆಳೆಯಬೇಕು. ಪುಟ್ಟ ಮಕ್ಕಳಿಗೆ, ತುಂಬಾ ನಿತ್ರಾಣವಾದವರಿಗೆ ಅದು ಆಗದೇ ಇರಬಹುದು. ಅದನ್ನೇ ಹೀಗೆ ಬರೆಯಿರಿ: ‘ಪುಡಿ ಇನ್‌ಹೇಲರ್ ನಿಮಗೆ ಹೊಂದುತ್ತದೆಯೇ ಎಂದು ವೈದ್ಯರನ್ನು ಕೇಳಿ. ಅಲ್ಲಿಯವರೆಗೆ ಈಗಿನ ಇನ್‌ಹೇಲರ್ ನಿಲ್ಲಿಸಬೇಡಿ.’ ಎರಡನೇ ವಾಕ್ಯ ಮೊದಲನೆಯದರ ಪಕ್ಕದಲ್ಲೇ, ಅಷ್ಟೇ ದೊಡ್ಡ ಅಕ್ಷರದಲ್ಲಿ ಇರಬೇಕು. ಉಸಿರಾಟದ ತೊಂದರೆ ಇರುವವರಲ್ಲಿ ಪಾಪಪ್ರಜ್ಞೆ ಹುಟ್ಟಿಸಿ ಪರಿಸರ ಉಳಿಸೋದು ನ್ಯಾಯ ಅಲ್ಲ, ಅಲ್ವಾ?

ಇನ್ನು ಅಂಕಿ-ಅಂಶ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಆರೋಗ್ಯ ವಲಯದ ಪಾಲು ಸುಮಾರು ಶೇ. 4.4 ಅನ್ನೋದನ್ನು ನೀವೂ ಬಳಸಿರುತ್ತೀರಿ. ಅದು ‘ಹೆಲ್ತ್ ಕೇರ್ ವಿದೌಟ್ ಹಾರ್ಮ್’ ಸಂಸ್ಥೆಯ 2019ರ ವರದಿಯ ಅಂದಾಜು. ಲೆಕ್ಕ ಹಾಕಿದ್ದು 2014ರ ಮಾಹಿತಿಯಿಂದ. ಅದರಲ್ಲಿ ಔಷಧ, ಉಪಕರಣಗಳ ತಯಾರಿಕೆ, ಸಾಗಣೆ ಎಲ್ಲ ಸೇರಿದೆ. ‘ಆಸ್ಪತ್ರೆಗಳು ಶೇ. 4.4ರಷ್ಟು ಮಾಲಿನ್ಯ ಮಾಡುತ್ತವೆ’ ಎಂದು ಬರೆದರೆ ಅರ್ಥವೇ ಬದಲಾಗುತ್ತದೆ. ಹಾಗಾಗಿ ಯಾವ ಸಂಖ್ಯೆಯೂ ಒಂಟಿಯಾಗಿ ಹೋಗಬಾರದು: ಯಾರ ಲೆಕ್ಕ, ಯಾವ ವರ್ಷದ್ದು, ಏನೇನು ಸೇರಿದೆ ಅನ್ನೋದೂ ಜೊತೆಗಿರಲಿ.

‘ಪರಿಸರಸ್ನೇಹಿ’ ಎಂದು ಸುಮ್ನೆ ಬರೆಯೋದನ್ನೂ ನಿಲ್ಲಿಸಿ. ಏನು ಕಡಿಮೆಯಾಯಿತು, ಯಾವುದಕ್ಕೆ ಹೋಲಿಸಿದರೆ ಎಂದು ಹೇಳಿ. ನೀವು ಹೊಗಳುವ ವಸ್ತುವನ್ನು ತಯಾರಿಸುವ ಕಂಪನಿಯೇ ನಿಮಗೆ ದೇಣಿಗೆ ಕೊಟ್ಟಿದ್ದರೆ, ಆ ಬರಹದಲ್ಲೇ ತಿಳಿಸಿ.

ಚಿಕಿತ್ಸೆಗೆ ಸಂಬಂಧಿಸಿದ ಪ್ರತಿ ಸಾಲನ್ನೂ ಆ ವಿಷಯ ಬಲ್ಲ ವೈದ್ಯರೋ ಫಾರ್ಮಸಿಸ್ಟೋ ನೋಡಲೇಬೇಕು. ‘ಇದು ಹೋಗೋದು ಬೇಡ’ ಎಂದು ತಡೆಯುವ ಅಧಿಕಾರ ಅವರಿಗಿರಬೇಕು, ಪ್ರಚಾರ ಅಭಿಯಾನದ ದಿನ ಎಷ್ಟೇ ಹತ್ತಿರ ಇದ್ದರೂ.