ಕೊನೆಗಾಲದ ಕೌನ್ಸೆಲಿಂಗ್: ಖಾಸಗಿಯಲ್ಲಿ ಎಷ್ಟು ಖರ್ಚಾದೀತು?

ಪ್ರಶ್ನೆ: ಅಪ್ಪನಿಗೆ ನಾಲ್ಕನೇ ಹಂತದ ಕ್ಯಾನ್ಸರ್. ಇನ್ನು ಕೀಮೋ ಬೇಡ ಅಂದಿದ್ದಾರೆ ಡಾಕ್ಟರು. ಮನೆಯವರೆಲ್ಲ ಕೂತು ಮಾತಾಡಲು ಖಾಸಗಿ ಕೌನ್ಸೆಲರ್ ಗೊತ್ತುಮಾಡಿದರೆ ಎಷ್ಟಾದೀತು?

ಬೆಂಗಳೂರಿನಲ್ಲಿ 45ರಿಂದ 60 ನಿಮಿಷದ ಒಂದು ಸೆಷನ್‌ಗೆ ಸಾಮಾನ್ಯವಾಗಿ 1,000ದಿಂದ 3,000 ರೂಪಾಯಿ. ಇಷ್ಟು ಕೇಳಿಕೊಂಡು ಫೋನ್ ಇಟ್ಟರೆ ಲೆಕ್ಕ ತಪ್ಪುತ್ತದೆ, ಏಕೆಂದರೆ ಅದು ಒಬ್ಬರ ಜೊತೆಗಿನ ಮಾತಿನ ದರ. ಅಮ್ಮ, ಇಬ್ಬರು ಮಕ್ಕಳು, ಸೊಸೆ, ಜೊತೆಗೆ ವಿಡಿಯೋ ಕಾಲ್‌ನಲ್ಲಿ ಅಮೆರಿಕದ ಅಣ್ಣ ಸೇರಿದರೆ ಒಂದೂವರೆ ಗಂಟೆ ಹಿಡಿಯುತ್ತದೆ. ಕೆಲವರು ಅದನ್ನು ಎರಡು ಸೆಷನ್ ಎಂದೇ ಬಿಲ್ ಮಾಡುತ್ತಾರೆ. ಮನೆಗೆ ಬಂದರೆ ಓಡಾಟದ ಚಾರ್ಜು ಬೇರೆ. ಸೆಷನ್‌ಗೆ 1,500 ಎಂದಿಟ್ಟುಕೊಳ್ಳಿ: ಕುಟುಂಬದ ಭೇಟಿಗೆ 3,000, ಅಪ್ಪನೊಬ್ಬರ ಜೊತೆ 1,500, ಹಗಲೂ ರಾತ್ರಿ ಆರೈಕೆ ಮಾಡುತ್ತಿರುವ ಅಮ್ಮನಿಗೆ ಇನ್ನೊಂದು 1,500. ಒಟ್ಟು 6,000. ಹತ್ತು ಸೆಷನ್‌ನ ಪ್ಯಾಕೇಜಿಗೆ ಮುಂಗಡ ಕಟ್ಟಬೇಡಿ. ಇಲ್ಲಿ ಕಾಲ ಯಾರ ಕೈಯಲ್ಲೂ ಇಲ್ಲ, ಉಳಿದ ಹಣಕ್ಕಾಗಿ ಆಮೇಲೆ ಅಲೆಯುವುದು ಬೇಡ.

ದುಡ್ಡು ಪೋಲಾಗುವುದು ಹೆಚ್ಚಾಗಿ ಮೊದಲ ಭೇಟಿಯಲ್ಲೇ. 'ಅಪ್ಪಂಗೆ ಏನೂ ಹೇಳ್ಬೇಡಿ' ಎಂದು ಬಾಗಿಲಲ್ಲೇ ಪಿಸುಗುಟ್ಟುತ್ತಾರೆ, ಒಳಗೆ ಹೋದರೆ ಅಪ್ಪನಿಗೆ ಮುಕ್ಕಾಲು ಪಾಲು ಗೊತ್ತೇ ಇರುತ್ತದೆ. ಯಾರಿಗೆ ಏನು ಗೊತ್ತು ಎಂದು ಬಿಡಿಸುವುದರಲ್ಲೇ ಗಂಟೆ ಮುಗಿಯುತ್ತದೆ. ಡಿಸ್ಚಾರ್ಜ್ ಸಮ್ಮರಿ, ಕೊನೆಯ ಸ್ಕ್ಯಾನ್ ವರದಿ, ಈಗಿನ ಮಾತ್ರೆಗಳ ಪಟ್ಟಿ ಕೈಯಲ್ಲಿರಲಿ. ಇಲ್ಲದಿದ್ದರೆ 'ಡಾಕ್ಟರನ್ನ ಕೇಳಿ ಬನ್ನಿ' ಎಂಬ ಉತ್ತರಕ್ಕೂ ಫೀಸು ಕಟ್ಟಬೇಕಾಗುತ್ತದೆ. ಇನ್ನೊಂದು: ನೋವು ಹತೋಟಿಗೆ ಬರದೆ ಮಾತು ಸಾಗದು. ನರಳುತ್ತಿರುವವರ ಎದುರು ಕೌನ್ಸೆಲರರನ್ನು ಕೂರಿಸುವ ಮೊದಲು, ನೋವು-ಸಂಕಟ ತಗ್ಗಿಸುವ ಪ್ಯಾಲಿಯೇಟಿವ್ ಡಾಕ್ಟರಿಗೆ ತೋರಿಸಿ.

'ಕೌನ್ಸೆಲರ್' ಎಂಬ ಬೋರ್ಡು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಕ್ಲಿನಿಕಲ್ ಸೈಕಾಲಜಿಸ್ಟ್ ಆದರೆ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಕೇಳಿ. ಅದಕ್ಕಿಂತ ಮುಖ್ಯ, ಕ್ಯಾನ್ಸರ್ ವಾರ್ಡಿನಲ್ಲೋ, ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ಹಾಸ್ಪೈಸ್‌ನಲ್ಲೋ ಕೆಲಸ ಮಾಡಿದ್ದಾರೆಯೇ ಎಂದು ಕೇಳಿ.

ವಿಮೆಯ ಮೇಲೆ ಹೆಚ್ಚು ಭರವಸೆ ಬೇಡ. ಒಪಿಡಿ (ಆಸ್ಪತ್ರೆಗೆ ದಾಖಲಾಗದೆ ಪಡೆಯುವ ಚಿಕಿತ್ಸೆ) ರಕ್ಷಣೆ ಇಲ್ಲದ ಪಾಲಿಸಿಯಲ್ಲಿ ಹೊರಗಿನ ಸೆಷನ್‌ಗೆ ಹಣ ಬರುವುದಿಲ್ಲ.

'ಲಿವಿಂಗ್ ವಿಲ್ ಮಾಡಿಸಿಕೊಡುತ್ತೇವೆ' ಎಂದು ಬಿಲ್ಲಿಗೆ ಸಾವಿರಗಳನ್ನು ಸೇರಿಸಿದರೆ ಒಮ್ಮೆ ಯೋಚಿಸಿ. ಕೊನೆಗಾಲದಲ್ಲಿ ವೆಂಟಿಲೇಟರಿನಂಥ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಪತ್ರ ಅದು. ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಿಗೆ ಕೊಟ್ಟ ತನ್ನ 2018ರ ತೀರ್ಪನ್ನು 2023ರ ಜನವರಿಯಲ್ಲಿ ಸಡಿಲಿಸಿದ ಮೇಲೆ ಮ್ಯಾಜಿಸ್ಟ್ರೇಟರ ಸಹಿ ಬೇಕಿಲ್ಲ. ಇಬ್ಬರು ಸಾಕ್ಷಿಗಳು, ಮೇಲೆ ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ದೃಢೀಕರಣ, ಅಷ್ಟೆ. ಪರಿಚಯದ ಗೆಜೆಟೆಡ್ ಅಧಿಕಾರಿ ಇದ್ದರೆ ನೋಟರಿ ಖರ್ಚೂ ಇಲ್ಲ. ಆದರೆ ಅಪ್ಪ ಎಚ್ಚರವಾಗಿ, ತಿಳಿದು ಸಹಿ ಹಾಕುವ ಸ್ಥಿತಿಯಲ್ಲಿರಬೇಕು. ವೆಂಟಿಲೇಟರ್ ಏರಿದ ಮೇಲೆ ಕಾಗದ ತಂದು ಪ್ರಯೋಜನವಿಲ್ಲ.

ಅಸಲಿಗೆ, ಖಾಸಗಿಗೆ ಹೋಗುವ ಮೊದಲೇ ಕರುಣಾಶ್ರಯಕ್ಕೆ ಫೋನ್ ಮಾಡಿ. ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿನ ಈ ಹಾಸ್ಪೈಸ್ ಶುಲ್ಕ ತೆಗೆದುಕೊಳ್ಳುವುದಿಲ್ಲ, ಮನೆಗೆ ಬಂದು ನೋಡುವ ತಂಡವೂ ಇದೆ. ರಾತ್ರಿ ಎರಡು ಗಂಟೆಗೆ ಅಮ್ಮನಿಗೆ ನಿದ್ದೆ ಬಾರದೆ ದುಃಖದಿಂದ ಮನಸ್ಸು ಹಿಂಡಿದಂತಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಖಾಸಗಿಗೆಂದು ಎತ್ತಿಟ್ಟ ಹಣದಲ್ಲಿ ಒಂದು ಸೆಷನ್‌ನದ್ದು ಮಾತ್ರ ಈಗ ಮುಟ್ಟಬೇಡಿ. ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟ ಮೇಲೆ ಅಮ್ಮನಿಗೆ ಅದು ಬೇಕಾಗುತ್ತದೆ.